ಮಾಸ್ಟ್ರ ಸೊಂಟ ಮೂವತ್ತಿಂಚು

ಭದ್ರಾವತಿಯ ಹೊಸಮನೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೊರಗೆ ‘ಹೆಂಗಸರ ಬಟ್ಟೆ ಮಾತ್ರ’ ಎಂದು ಬರೆಸಿದ್ದೇನೆ. ಆ ಬೋರ್ಡಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದು, ತನಗೊಂದು ಚಮಕಿ ಹಚ್ಚಿದ ಪ್ಯಾಂಟು ಬೇಕು ಎಂದು ಕೇಳಿದ ಗಂಡಸು ಒಬ್ಬರೇ. ಚಮಕಿ ಎಷ್ಟಿರಬೇಕು ಎಂದೆ. ಪ್ಯಾಂಟು ಕಾಣಬಾರದು, ಅಷ್ಟು ಎಂದರು.

ಅವರು ಮೊದಲು ಗಂಡಸರ ದರ್ಜಿಗಳ ಹತ್ತಿರವೇ ಹೋಗಿದ್ದರಂತೆ. ಒಬ್ಬ ‘ನಾಟಕಕ್ಕಾ’ ಎಂದು ಕೇಳಿದನಂತೆ. ಇನ್ನೊಬ್ಬ ಕೇಳದೆ ನಕ್ಕನಂತೆ. ನಾನು ಎರಡೂ ಮಾಡಲಿಲ್ಲ. ಗಿರಾಕಿಯ ಹತ್ತಿರ ಯಾಕೆ ಬೇಕು ಎಂದು ಕೇಳುವುದು ನನ್ನ ಪದ್ಧತಿಯಲ್ಲ. ಯಾವಾಗ ಬೇಕು ಎಂದು ಕೇಳುತ್ತೇನೆ, ಆ ದಿನಕ್ಕೆ ಕೊಡುವುದಿಲ್ಲ. ಇವರಿಗೆ ಮಾತ್ರ ಹೇಳಿದ ದಿನಕ್ಕೇ ಕೊಟ್ಟೆ, ಏಕೆಂದರೆ ಇವರ ಬಟ್ಟೆ ಹೊಲಿಯುವಾಗ ನನಗೆ ಬಹಳ ವರ್ಷಗಳ ಮೇಲೆ ಕೆಲಸದಲ್ಲಿ ಖುಷಿಯಾಗುತ್ತಿತ್ತು. ದಿನಾ ಅದೇ ಕಟೋರಿ ಬ್ಲೌಸು, ಅದೇ ಹುಕ್ಕು, ಅದೇ ‘ಕೈ ಬಿಗಿಯಾಯ್ತು ಮಾರಾಯ್ತಿ’ ಕೇಳಿ ಕೇಳಿ ನನಗೂ ಸಾಕಾಗಿತ್ತು.

ಅಷ್ಟರಲ್ಲಾಗಲೇ ಶಿವಮೊಗ್ಗದಲ್ಲಿ ಅವರು ಹೆಸರಾಗಿದ್ದರು. ಹುಟ್ಟಿ ಬೆಳೆದದ್ದು ನಮ್ಮ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ತಂದೆಯದು ಲೇತ್ ಮಿಷನ್ನಿನ ಕೆಲಸ. ಹುಡುಗನಾಗಿದ್ದಾಗ ಎಷ್ಟು ದಪ್ಪಗಿದ್ದರೆಂದರೆ, ಅಕ್ಕಪಕ್ಕದ ತಮಿಳು ಮನೆಯವರು, ತೆಲುಗು ಮನೆಯವರು ತಮ್ಮ ತಮ್ಮ ಭಾಷೆಯಲ್ಲಿ ಅವರನ್ನು ಕುಂಬಳಕಾಯಿ ಎಂದು ಕರೆಯುತ್ತಿದ್ದರಂತೆ. ಹಾಗಾಗಿ ಮೂರು ಭಾಷೆ ಕಲಿತೆ ಎಂದು ಅವರೇ ಸ್ಟೇಜಿನ ಮೇಲೆ ಹೇಳುತ್ತಿದ್ದರು. ಆಮೇಲೆ ಓಡಿ, ಕುಣಿದು, ಅನ್ನ ಬಿಟ್ಟು ಸಣ್ಣಗಾದರು. ಒಂದು ಶಾಲೆಯಲ್ಲಿ ಸ್ವಲ್ಪ ಕಾಲ ಡ್ರಿಲ್ ಮಾಸ್ಟರಾಗಿದ್ದರು. ಆ ಕೆಲಸ ಬಿಟ್ಟರೂ ಮಾಸ್ಟ್ರು ಅನ್ನುವ ಹೆಸರು ಬಿಡಲಿಲ್ಲ. ಶಿವಮೊಗ್ಗದ ಒಂದು ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೆ ನಲವತ್ತು ದಾಟಿದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಹಾಡು ಹಾಕಿ ಕುಣಿಸತೊಡಗಿದರು. ಮೊದಲು ಲೋಕಲ್ ಚಾನೆಲ್ಲಿನಲ್ಲಿ ಬಂದರು, ಆಮೇಲೆ ಎಲ್ಲರ ಮೊಬೈಲಿನಲ್ಲಿ. ಅಂಗಡಿ ಉದ್ಘಾಟನೆಗೆ ಅವರೇ, ಶಾಲೆಯ ವಾರ್ಷಿಕೋತ್ಸವಕ್ಕೆ ಅವರೇ. ಶಂಕರಘಟ್ಟದ ಯೂನಿವರ್ಸಿಟಿ ಮೇಷ್ಟ್ರುಗಳನ್ನೂ ಒಂದು ಸಲ ಕುಣಿಸಿ ಬಂದರು. ಆ ವಿಡಿಯೋದಲ್ಲಿ ಪ್ರೊಫೆಸರೊಬ್ಬರು ಕೈಯಲ್ಲಿದ್ದ ಫೈಲು ಕೆಳಗಿಡದೆ ಕುಣಿದದ್ದು ಈಗಲೂ ಓಡಾಡುತ್ತಿದೆ. ಇನ್ನೊಂದು ಸಲ ಹುಲಿಪಟ್ಟೆಯ ಬಿಗಿ ಬಟ್ಟೆ ಹೊಲಿಸಿಕೊಂಡು ತ್ಯಾವರೆಕೊಪ್ಪದ ಹುಲಿಧಾಮಕ್ಕೆ ಶೂಟಿಂಗಿಗೆ ಹೋದರು. ಗೇಟಿನಲ್ಲೇ ವಾಪಸು ಕಳಿಸಿದರು. ಒಳಗಿರುವ ಹುಲಿಗೆ ಗಾಬರಿಯಾಗುತ್ತದೆ ಎಂದು ಕಾರಣ ಕೊಟ್ಟರಂತೆ. ಮಾಸ್ಟ್ರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ನಮ್ಮ ಕಸುಬಿನ ಒಂದು ಸಂಗತಿ ಇಲ್ಲಿ ಹೇಳಬೇಕು. ಹೆಂಗಸರ ಅಳತೆ ತೆಗೆಯುವವಳು ಟೇಪು ತೋರಿಸಿದ್ದನ್ನು ಹಾಗೆಯೇ ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕೂತಿರುತ್ತಾರೆ, ಅದರಲ್ಲಿ ಒಬ್ಬಳಾದರೂ ಅವಳ ಓರಗಿತ್ತಿ ಆಗಿರುತ್ತಾಳೆ. ಬಾಯಲ್ಲಿ ಒಂದಿಂಚು ಕಡಿಮೆ ಹೇಳಿ, ಪುಸ್ತಕದಲ್ಲಿ ಸರಿಯಾಗಿ ಬರೆದುಕೊಳ್ಳುತ್ತೇವೆ. ಬಟ್ಟೆಯ ಒಳಗೂ ಬದಿಯಲ್ಲಿ ಎರಡು ಬೆರಳಷ್ಟು ಬಿಟ್ಟು ಮೂರು ಸಾಲು ಹೊಲಿಗೆ ಹಾಕಿರುತ್ತೇವೆ. ದಪ್ಪಗಾದಾಗ ಒಂದು ಸಾಲು ಬಿಚ್ಚಿಕೊಟ್ಟರೆ ಆಯಿತು, ‘ಒಗೆದು ಬಟ್ಟೆ ಕುಗ್ಗಿದೆ’ ಎಂದು ಒಂದು ಮಾತು ಹೇಳಿದರೆ ಆಯಿತು. ಇದನ್ನು ನಾನು ಮೋಸ ಎಂದು ಯಾವತ್ತೂ ಎಣಿಸಿಲ್ಲ. ಮನೆಯಲ್ಲಿ ಯಾರೂ ಒಳ್ಳೆಯ ಮಾತು ಆಡದ ಹೆಂಗಸರಿಗೆ ದರ್ಜಿಯಾದರೂ ಒಂದು ಆಡಲಿ ಎಂದುಕೊಂಡಿದ್ದೆ.

ಮೊದಲ ದಿನ ಮಾಸ್ಟ್ರ ಸೊಂಟಕ್ಕೆ ಟೇಪು ಸುತ್ತಿದಾಗ ಮೂವತ್ತೊಂದೂವರೆ ಬಂತು. ಅವರು ನೆಟ್ಟಗೆ ನಿಂತು, ಎದುರಿನ ಗೋಡೆ ನೋಡುತ್ತಾ, ‘ಮೂವತ್ತು ತಾನೇ ಅಕ್ಕ?’ ಎಂದರು. ಆ ಧ್ವನಿ ನಾನು ಸಾವಿರ ಸಲ ಕೇಳಿದ ಧ್ವನಿ. ಹೆಂಗಸರಿಗೆ ಹೇಳುವಂತೆಯೇ, ‘ಹೂಂ, ಮೂವತ್ತು’ ಎಂದೆ. ಪುಸ್ತಕದಲ್ಲಿ ಮೂವತ್ತೊಂದೂವರೆ ಬರೆದೆ.

ಇಷ್ಟಕ್ಕೇ ಮುಗಿದಿದ್ದರೆ ಏನೂ ಇರಲಿಲ್ಲ. ಆದರೆ ಮಾಸ್ಟ್ರಿಗೆ ಟೇಪೇ ದೇವರು. ತಮ್ಮ ಕ್ಲಾಸಿಗೆ ತೂಕದ ಮಿಷನ್ನನ್ನು ಸೇರಿಸಿರಲಿಲ್ಲ. ತಕ್ಕಡಿ ಇರುವುದು ಅಕ್ಕಿಗೆ, ಮನುಷ್ಯರಿಗಲ್ಲ ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರ ಸೊಂಟದ ಅಳತೆ, ಇಳಿಸಿದವರಿಗೆ ಕೈಗೊಂದು ರಿಬ್ಬನ್ನು. ಯಾರೂ ತಮ್ಮ ಸೊಂಟ ತಾವೇ ಅಳೆದುಕೊಳ್ಳಕೂಡದು ಎಂದು ಕಟ್ಟುನಿಟ್ಟು, ಏಕೆಂದರೆ ಹಾಗೆ ಅಳೆದುಕೊಳ್ಳುವಾಗ ಎಲ್ಲರೂ ಉಸಿರು ಹಿಡಿದು ಹೊಟ್ಟೆ ಒಳಗೆಳೆಯುತ್ತಾರೆ. ಆ ನಿಯಮ ತಮಗೂ ಹಾಕಿಕೊಂಡಿದ್ದರು. ಅವರ ಸೊಂಟ ಅಳೆಯುವ ಹಕ್ಕು ಲೋಕದಲ್ಲಿ ನನಗೊಬ್ಬಳಿಗೇ ಇತ್ತು. ಅಂದರೆ, ಅಷ್ಟು ಪ್ರಾಮಾಣಿಕ ಮನುಷ್ಯ ನಂಬಿದ್ದು ನನ್ನ ಬಾಯನ್ನು.

ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಕ್ಲಾಸಿನ ವಾರ್ಷಿಕೋತ್ಸವ. ಮದುಮಕ್ಕಳು ಕೂರುವ ಜಾಗದಲ್ಲಿ ಮಾಸ್ಟ್ರು ನಿಲ್ಲುತ್ತಿದ್ದರು. ನಾನು ಬಸ್ಸಿನಲ್ಲಿ ಹೋಗಿ, ಸ್ಟೇಜು ಹತ್ತಿ, ಅವರ ಸೊಂಟಕ್ಕೆ ಟೇಪು ಸುತ್ತಿ, ಮೈಕಿನಲ್ಲಿ ‘ಮೂವತ್ತು’ ಎನ್ನುತ್ತಿದ್ದೆ. ಇನ್ನೂರು ಮುನ್ನೂರು ಹೆಂಗಸರು ಸಿಳ್ಳೆ ಹೊಡೆಯುತ್ತಿದ್ದರು. ಸಿಳ್ಳೆಯನ್ನೂ ಕ್ಲಾಸಿನಲ್ಲೇ ಕಲಿಸಿದ್ದರು, ಅದರಿಂದ ಕೆನ್ನೆ ಇಳಿಯುತ್ತದಂತೆ. ಆಮೇಲೆ ನನಗೆ ಒಂದು ಶಾಲು, ಹಣ್ಣಿನ ತಟ್ಟೆ. ನನ್ನ ಬೀರುವಿನಲ್ಲಿ ಅಂಥ ಶಾಲುಗಳು ಎಂಟಿವೆ.

ಆ ಎಂಟು ವರ್ಷಗಳಲ್ಲಿ ಪುಸ್ತಕದ ಸೊಂಟ ನಿಧಾನವಾಗಿ ಬೆಳೆಯಿತು. ಮೂವತ್ತೆರಡು, ಮೂವತ್ಮೂರು, ಮೂವತ್ನಾಲ್ಕು. ತಪ್ಪು ಅವರದಲ್ಲ. ಬೆಳಗ್ಗೆ ಕ್ಲಾಸಿನಲ್ಲಿ ‘ಬಂಗಾರಿಗಳಾ, ಒಂದು ಸೌಟು ಅನ್ನ ಸಾಕು’ ಎಂದು ಹೇಳಿಸಿಕೊಂಡ ಹೆಂಗಸರು ಮಧ್ಯಾಹ್ನ ಅವರನ್ನು ಮನೆಗೆ ಕರೆದು ಹೋಳಿಗೆ ಬಡಿಸುತ್ತಿದ್ದರು. ತಾವು ಬಿಟ್ಟದ್ದನ್ನೆಲ್ಲ ಅವರಿಗೆ ತಿನ್ನಿಸುತ್ತಿದ್ದರು. ಬೇಡ ಅನ್ನುವ ಗುಣ ಮಾಸ್ಟ್ರಿಗೆ ಇರಲಿಲ್ಲ. ಒಂಟಿ ಮನುಷ್ಯ, ಮದುವೆಯಾಗಿರಲಿಲ್ಲ, ಯಾರು ಕರೆದರೂ ಹೋಗುತ್ತಿದ್ದರು. ಯಾರಾದರೂ ಎರಡು ದಿನ ಕ್ಲಾಸಿಗೆ ಬರದಿದ್ದರೆ ತಾವೇ ಫೋನು ಮಾಡಿ, ಮೊಣಕಾಲು ಹೇಗಿದೆ, ಗಂಡ ಹೇಗಿದ್ದಾರೆ, ಯಾವುದರ ನೋವು ಜಾಸ್ತಿ ಎಂದು ವಿಚಾರಿಸುತ್ತಿದ್ದರು. ನಾನು ಒಂದೊಂದೇ ಸಾಲು ಹೊಲಿಗೆ ಬಿಚ್ಚುತ್ತಾ ಹೋದೆ. ಮೂರೂ ಸಾಲು ಮುಗಿದ ಮೇಲೆ ಬದಿಗೆ ಬೇರೆ ಬಣ್ಣದ ಪಟ್ಟಿ ಕೂರಿಸಿ, ಇದು ಹೊಸ ಡಿಸೈನ್ ಎಂದೆ. ಆ ಡಿಸೈನನ್ನು ಅವರ ಕ್ಲಾಸಿನ ಇಪ್ಪತ್ತು ಜನ ಬ್ಲೌಸಿಗೆ ಹಾಕಿಸಿಕೊಂಡರು.

ಕಳೆದ ವರ್ಷದ ದಸರಾದಲ್ಲಿ ಮೂವತ್ನಾಲ್ಕು ಇದ್ದರು. ದೀಪಾವಳಿಗೆ ಬಂದಾಗ ಬಟ್ಟೆ ಜೋಲುತ್ತಿದೆ ಎಂದರು. ಟೇಪು ಮೂವತ್ತೆರಡು ತೋರಿಸಿತು. ತೋಳಿನ ಅಳತೆ ತೆಗೆದೆ. ಅದೂ ಇಳಿದಿತ್ತು.

ಬ್ಲೌಸು ಹೊಲಿಯುವವಳಿಗೆ ತೋಳು ಸುಳ್ಳು ಹೇಳುವುದಿಲ್ಲ. ಕುಣಿದು ಸಣ್ಣಗಾದವರಿಗೆ ಮೊದಲು ಸೊಂಟ ಇಳಿಯುತ್ತದೆ. ಕಾರಣವಿಲ್ಲದೆ ತೋಳೂ ಇಳಿದರೆ, ಒಂದೋ ಮಗಳ ಮದುವೆ ಗೊತ್ತಾಗಿರುತ್ತದೆ, ಇಲ್ಲವೇ ಸಕ್ಕರೆ ಕಾಯಿಲೆ ಬಂದಿರುತ್ತದೆ. ನಮ್ಮ ಅತ್ತೆಯವರಿಗೆ ಸಕ್ಕರೆ ಇದೆ ಎಂದು ಡಾಕ್ಟರಿಗಿಂತ ಮೊದಲು ಕಂಡುಹಿಡಿದದ್ದು ನಾನು, ಅವರ ಬ್ಲೌಸಿನ ತೋಳಿನಿಂದ. ಅವರು ಅದಕ್ಕಾಗಿ ನನ್ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

‘ಮಾಸ್ಟ್ರೇ, ಸ್ವಲ್ಪ ಇಳಿದ ಹಾಗಿದೆ ನೀವು’ ಎಂದೆ.

‘ಎಷ್ಟಾಗಿದೆ?’

ನನ್ನ ಬಾಯಿಗೆ ಬಂದದ್ದು ಎಂಟು ವರ್ಷದ ಅಭ್ಯಾಸ. ‘ಮೂವತ್ತು’ ಎಂದೆ.

‘ಮತ್ತೆ ಇಳಿದಿದ್ದು ಎಲ್ಲಿ ಅಕ್ಕ? ಯಾವಾಗ್ಲೂ ಮೂವತ್ತೇ ಅಲ್ವಾ. ಚಮಕಿ ಭಾರಕ್ಕೆ ಬಟ್ಟೆ ಜೋತು ಬಿದ್ದಿರ್ಬೇಕು.’

‘ಇರ್ಬಹುದು’ ಎಂದೆ.

ನನ್ನ ಬುದ್ಧಿಗೆ ಏನನ್ನಬೇಕೋ ಗೊತ್ತಿಲ್ಲ. ಆವತ್ತೇ ಪುಸ್ತಕ ತೆಗೆದು ತೋರಿಸಬಹುದಿತ್ತು. ತೋರಿಸಿದರೆ ಎಂಟು ವರ್ಷ ಸ್ಟೇಜಿನ ಮೇಲೆ ಆಡಿದ ಮಾತು ಸುಳ್ಳಾಗುತ್ತಿತ್ತು. ಅವರಿಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವೆಂದರೆ ನನಗೆ ನಾಚಿಕೆಯಾಗುತ್ತದೆ ಎಂದು ಸುಮ್ಮನಿದ್ದೆ. ಬಟ್ಟೆ ತೆಗೆದುಕೊಂಡು, ಬದಿಯ ಹೊಲಿಗೆ ಒಳಕ್ಕೆ ಸರಿಸಿ, ಮೈಗೆ ಸರಿಯಾಗಿ ಹಿಡಿದುಕೊಟ್ಟೆ. ಹಿಡಿದದ್ದು ಎಷ್ಟು ಚೊಕ್ಕವಾಗಿತ್ತೆಂದರೆ ಯಾರಿಗೂ ಗೊತ್ತಾಗಲಿಲ್ಲ.

ಅವರು ಇಳಿಯುತ್ತಾ ಹೋದರು, ನಾನು ಹಿಡಿಯುತ್ತಾ ಹೋದೆ. ಅಂಗಡಿಗೆ ಬಂದರೆ ಒಂದು ತಂಬಿಗೆ ನೀರು ಕುಡಿದು ಇನ್ನೊಂದು ಕೇಳುತ್ತಿದ್ದರು. ಅಷ್ಟರಲ್ಲಿ ಎರಡು ಸಲ ಹಿಂದಿನ ಬಚ್ಚಲಿಗೆ ಹೋಗಿ ಬರುತ್ತಿದ್ದರು. ಈ ದಾಹವನ್ನೂ ಮಾಸ್ಟ್ರು ಬಿಡಲಿಲ್ಲ. ‘ನೀರು ಕುಡಿಯಿರಿ, ನೀರಾಗಿರಿ’ ಎಂದು ವಿಡಿಯೋ ಮಾಡಿದರು. ಶಿವಮೊಗ್ಗದ ಹೆಂಗಸರು ಹಿತ್ತಾಳೆ ಚೆಂಬು ಹಿಡಿದು ಪಾರ್ಕಿಗೆ ಬರತೊಡಗಿದರು. ಅವರ ಮುಖ ಇಳಿದು ದವಡೆ ಎದ್ದು ಕಂಡಾಗ, ಏನು ಕಳೆ ಬಂದಿದೆ ಮಾಸ್ಟ್ರಿಗೆ ಎಂದು ಮಾತಾಡಿಕೊಂಡರು.

ಕ್ಲಾಸಿನಲ್ಲಿ ಒಬ್ಬರಿಗೆ ಮಾತ್ರ ಅನುಮಾನ ಬಂತು. ಅವರು ನಿವೃತ್ತ ಹೆಡ್ ಮೇಡಂ, ಮಾಸ್ಟ್ರ ಮೊದಲ ಬ್ಯಾಚಿನವರು, ಸಾಲಿನಲ್ಲಿ ಯಾರಾದರೂ ತಪ್ಪು ಕಾಲೆತ್ತಿದರೆ ಮಾಸ್ಟ್ರಿಗಿಂತ ಮೊದಲು ಗದರುವವರು. ಶಿವರಾತ್ರಿ ಹೊತ್ತಿಗೆ ಬ್ಲೌಸಿನ ನೆಪದಲ್ಲಿ ಶಿವಮೊಗ್ಗದಿಂದ ನನ್ನ ಅಂಗಡಿಯವರೆಗೆ ಬಂದರು.

‘ಅವ್ರು ಸೊರಗ್ತಾ ಇದಾರೆ ಅಂತ ನನಗನ್ಸುತ್ತೆ. ಕೇಳಿದ್ರೆ ಟೇಪು ಮೂವತ್ತೇ ಹೇಳ್ತಿದೆ ಅಂತಾರೆ. ನಿಜ ಏನಮ್ಮ?’

ಆ ವಾರವಷ್ಟೇ ನಾನು ಇಪ್ಪತ್ತೆಂಟು ಬರೆದುಕೊಂಡಿದ್ದೆ. ‘ಗಿರಾಕಿಗಳ ಅಳತೆ ಹೊರಗೆ ಹೇಳೋದಿಲ್ಲ ಮೇಡಂ’ ಎಂದೆ. ದೊಡ್ಡ ನಿಯಮಸ್ಥೆಯ ಹಾಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, ‘ಸರಿ’ ಎಂದು ಎದ್ದು ಹೋದರು.

ವಾರ್ಷಿಕೋತ್ಸವದ ದಿನ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ನಾನೊಬ್ಬಳೇ ಹೇಳಿದರೆ ಅವರು ಮತ್ತೆ ಚಮಕಿಯ ಭಾರ ಎನ್ನುತ್ತಾರೆ, ನಾನು ಮತ್ತೆ ಇರ್ಬಹುದು ಎನ್ನುತ್ತೇನೆ. ಎಲ್ಲರ ಎದುರು, ಮೈಕಿನಲ್ಲಿ, ಟೇಪು ಹೇಳಿದ್ದನ್ನೇ ಹೇಳುವುದು. ಹೇಳಿದರೆ ಇಡೀ ಸಭೆ ಗಾಬರಿಯಾಗಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದೆ ಎಂದು ನನ್ನ ಲೆಕ್ಕ.

ನವಿಲು ಬಣ್ಣದ ಬಟ್ಟೆ ಹಾಕಿಕೊಂಡು ಸ್ಟೇಜಿಗೆ ಬಂದರು. ಬೆನ್ನಿನ ಮೇಲೆ ಗರಿಗಳ ಚಿತ್ರ, ಕಾಲಿಗೆ ಬಂಗಾರದ ಬಣ್ಣದ ಬೂಟು. ಹಿಂದಿನ ದಿನವಷ್ಟೇ ಅದನ್ನು ಮತ್ತೆ ಹಿಡಿದುಕೊಟ್ಟಿದ್ದೆ. ಕೈ ಎತ್ತಿ ನಿಂತರು. ನಾನು ಟೇಪು ಸುತ್ತಿದೆ. ಬಟ್ಟೆಯ ಮೇಲಿಂದಲೇ ಸೊಂಟದ ಎಲುಬು ಕೈಗೆ ಸಿಕ್ಕಿತು.

‘ಇಪ್ಪತ್ತೇಳು’ ಎಂದೆ ಮೈಕಿನಲ್ಲಿ.

ಚಪ್ಪಾಳೆ ಬಿತ್ತು ನೋಡಿ, ಛಾವಣಿ ಕಿತ್ತು ಹೋಗುವ ಹಾಗೆ. ಮಾಸ್ಟ್ರು ನಕ್ಕು ಮೈಕು ಎಳೆದುಕೊಂಡು, ‘ಅಕ್ಕ ಕನ್ನಡಕ ಮರೆತು ಬಂದಿದಾರೆ’ ಎಂದರು. ಎಲ್ಲರೂ ನಕ್ಕರು. ನಾನು ಮೈಕು ವಾಪಸು ಎಳೆದುಕೊಂಡು, ‘ಕನ್ನಡಕ ಹಾಕ್ಕೊಂಡೇ ಇದೀನಿ. ದಸರಾದಲ್ಲಿ ಮೂವತ್ನಾಲ್ಕಿತ್ತು. ಆರು ತಿಂಗಳಲ್ಲಿ ಏಳಿಂಚು ಹೋಗಿದೆ’ ಎಂದೆ.

ಇದನ್ನು ಕೇಳಿ ಸಭೆ ಎದ್ದೇ ನಿಂತಿತು. ಏಳಿಂಚು, ಏಳಿಂಚು ಎಂದು ಕೂಗಿದರು. ಸಿಳ್ಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನ ಒಬ್ಬರು ತಮ್ಮ ಕೈಯ ರಿಬ್ಬನ್ನು ಬಿಚ್ಚಿ ಸ್ಟೇಜಿನ ಮೇಲೆ ಎಸೆದರು. ಅಂಥ ಜನಕ್ಕೆ ಇನ್ನು ಯಾವ ಭಾಷೆಯಲ್ಲಿ ಹೇಳುವುದು. ಅಳು ಬಂತು, ಸಿಟ್ಟೂ ಬಂತು. ಹೆಡ್ ಮೇಡಂ ಒಬ್ಬರೇ ಚಪ್ಪಾಳೆ ತಟ್ಟದೆ ಕುರ್ಚಿಯಿಂದ ಎದ್ದು, ಜನರನ್ನು ಸರಿಸಿಕೊಂಡು ಸ್ಟೇಜಿನ ಕಡೆ ಬರತೊಡಗಿದರು.

ಮಾಸ್ಟ್ರು ನನ್ನನ್ನು ನೋಡಿದರು. ಹಲ್ಲು ಕಾಣುವ ನಗು ಮುಖದ ಮೇಲೆ ಹಾಗೇ ಇತ್ತು. ‘ಮೂವತ್ನಾಲ್ಕಿತ್ತಾ?’ ಎಂದು ನನಗೊಬ್ಬಳಿಗೇ ಕೇಳುವಂತೆ ಅಂದರು. ಇತ್ತು ಎಂದೆ. ಇಪ್ಪತ್ತೇಳಕ್ಕೆ ಅವರು ಹೆದರಲಿಲ್ಲ, ಮೂವತ್ನಾಲ್ಕಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಹಾಡು ಹಾಕಿ ಎಂದು ಕೈ ಮಾಡಿದರು. ಮೊದಲ ಚರಣ ಪೂರ್ತಿ ಕುಣಿದರು. ಎರಡನೆಯದಕ್ಕೆ ಸ್ಟೇಜಿನ ಮೇಲೆ ಕೂತರು. ಅದೂ ಒಂದು ಹೊಸ ಸ್ಟೆಪ್ಪು ಎಂದುಕೊಂಡು ಹಿಂದಿನ ಸಾಲಿನವರು ತಾವೂ ಕೂತರು.

ಹೆಡ್ ಮೇಡಂ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಕ್ಕರೆ ಎಷ್ಟಿತ್ತೆಂದರೆ, ಡಾಕ್ಟರು ರಿಪೋರ್ಟು ಹಿಡಿದುಕೊಂಡು, ಇವರು ನಡೆದುಕೊಂಡು ಬಂದರಾ ಎಂದು ಕೇಳಿದರು. ಕುಣಿದುಕೊಂಡು ಬಂದರು ಎಂದರು ಹೆಡ್ ಮೇಡಂ. ಬಂಗಾರದ ಬೂಟು ಬಿಚ್ಚಿದಾಗ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಬೂಟು ಕಚ್ಚಿ ಗಾಯವಾಗಿ ಎಷ್ಟು ದಿನವಾಗಿತ್ತೋ, ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಮನುಷ್ಯ ಉಳಿದರು, ಬೆರಳು ಉಳಿಯಲಿಲ್ಲ. ಯಾವಾಗಿನಿಂದ ಇಳಿದರು ಎಂದು ಕೇಳಿಕೊಂಡು, ದೀಪಾವಳಿಗೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಡಾಕ್ಟರು ಸುಮ್ಮನೆ ಮಾತಿಗೆ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಕ್ಲಾಸಿನ ಹೆಂಗಸರು ಈ ಇಡೀ ಸಂಗತಿಗೆ ನನ್ನನ್ನೇ ಹೊಣೆ ಮಾಡಿದರು. ತಪ್ಪಲ್ಲ, ಆದರೆ ಅವರು ಕೊಟ್ಟ ಕಾರಣ ಬೇರೆ. ಅಷ್ಟು ಜನರ ಎದುರು ಇಪ್ಪತ್ತೇಳು ಎಂದು ಸಾರಿದ್ದಕ್ಕೇ ದೃಷ್ಟಿ ತಾಗಿತಂತೆ. ನಾಲ್ಕೈದು ಜನ ಬ್ಲೌಸಿಗೆ ಕೊಟ್ಟ ಬಟ್ಟೆ ಕತ್ತರಿಸುವ ಮೊದಲೇ ವಾಪಸು ತೆಗೆದುಕೊಂಡರು. ನಿಮ್ಮ ಟೇಪಿನ ಗ್ರಹಚಾರ ಚೆನ್ನಾಗಿಲ್ಲ ಎಂದು ಒಬ್ಬರು ಬಾಯಿಬಿಟ್ಟೇ ಹೇಳಿದರು. ಜಗಳ ಕಾಯುವ ಬಾಯಿ ನನ್ನದು, ಆವತ್ತು ಮಾತ್ರ ಬಟ್ಟೆ ಮಡಚಿ ಕೈಗೆ ಕೊಟ್ಟೆ.

ಎರಡು ತಿಂಗಳು ಅವರ ಮನೆ ಕಡೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಅವರೂ ಫೋನು ಮಾಡಲಿಲ್ಲ. ಇಡೀ ಶಿವಮೊಗ್ಗಕ್ಕೆ ಫೋನು ಮಾಡಿ ಯೋಗಕ್ಷೇಮ ವಿಚಾರಿಸುವ ಮನುಷ್ಯ ನನಗೊಬ್ಬಳಿಗೆ ಮಾಡಲಿಲ್ಲ. ಕೊನೆಗೆ ಹೆಡ್ ಮೇಡಂ, ಅವರಿಗೆ ಮನೆಯಲ್ಲಿ ಹಾಕಲು ಸಾದಾ ಬಟ್ಟೆಯೇ ಇಲ್ಲ, ಎಲ್ಲ ಮಿಂಚುವಂಥವೇ, ಬ್ಯಾಂಡೇಜಿಗೆ ಚಮಕಿ ಸಿಕ್ಕಿಕೊಳ್ಳುತ್ತಿದೆ, ಎರಡು ಹತ್ತಿಯ ಪೈಜಾಮ ಹೊಲಿದುಕೊಡು ಎಂದು ಹೇಳಿ ಕಳಿಸಿದರು. ಟೇಪು ತೆಗೆದುಕೊಂಡು ಹೋದೆ.

ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಕಾಲು ಸ್ಟೂಲಿನ ಮೇಲಿತ್ತು. ಮೈಗೆ ನೇರಳೆ ಸ್ಯಾಟಿನ್ ಶರ್ಟು, ಸೊಂಟಕ್ಕೆ ಆಸ್ಪತ್ರೆಯವರು ಕೊಟ್ಟ ಪಂಚೆ. ಬನ್ನಿ ಅಕ್ಕ ಎಂದರು. ಕೂತೆ. ಮೇಜಿನ ಮೇಲೆ ಯಾರೋ ತಂದಿಟ್ಟ ರಾಗಿ ಗಂಜಿ ಕೆನೆಗಟ್ಟುತ್ತಿತ್ತು.

‘ತಪ್ಪು ನಂದು ಮಾಸ್ಟ್ರೇ’ ಎಂದೆ. ಹೇಳಬೇಕೆಂದು ಹೊರಟಿದ್ದೇ ಅಷ್ಟು.

ಅವರು ಸ್ಟೂಲಿನ ಮೇಲಿದ್ದ ಕಾಲು ಸರಿಸಿಕೊಂಡು, ‘ಒಂದು ಕೇಳ್ತೀನಿ, ಸರಿಯಾಗಿ ಹೇಳ್ಬೇಕು’ ಎಂದರು. ‘ನಾನು ಯಾವತ್ತಾದ್ರೂ ಮೂವತ್ತು ಇದ್ದೆನಾ?’

ಪುಸ್ತಕ ನೋಡುವ ಅಗತ್ಯ ನನಗಿರಲಿಲ್ಲ. ‘ಇದ್ರಿ. ಈ ಸಂಕ್ರಾಂತಿ ಹಿಂದೆಮುಂದೆ. ಅಳತೆ ಕೊಡೋಕೆ ಬಂದಿದ್ರಿ, ಟೇಪು ಸರಿಯಾಗಿ ಮೂವತ್ತಕ್ಕೆ ನಿಂತಿತ್ತು.’

‘ಎಷ್ಟು ದಿನ ಇದ್ದಿರ್ಬಹುದು?’

‘ಒಂದು ಹದಿನೈದು ದಿನ.’

ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ‘ಆಗ ಒಂದು ಕಾರ್ಯಕ್ರಮನೂ ಇರ್ಲಿಲ್ಲ. ಸುಸ್ತು ಅಂತ ಮಲಗಿದ್ದೆ’ ಎಂದರು. ಆಮೇಲೆ, ‘ನೀವು ನೋಡಿದ್ರಲ್ಲ. ಹೇಗೆ ಕಾಣ್ತಿದ್ದೆ?’

ಚೆನ್ನಾಗಿ ಕಾಣ್ತಿದ್ರಿ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

‘ಚೆನ್ನಾಗಿರ್ಲಿಲ್ಲ ಮಾಸ್ಟ್ರೇ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನೀವು ಚೆನ್ನಾಗಿದ್ದಿದ್ದು ಮೂವತ್ನಾಲ್ಕರಲ್ಲಿ.’

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಹೊರಡಲು ನಾನು ಎದ್ದು ನಿಂತು, ಅಳತೆ ತೆಗೀಲಾ ಬೇಡವಾ ಎಂದು ಕೇಳಿದೆ.

‘ಬೇಡ. ಮೂವತ್ನಾಲ್ಕಕ್ಕೇ ಹೊಲೀರಿ ಅಕ್ಕ’ ಎಂದರು. ‘ನಿಧಾನಕ್ಕೆ ಬರ್ತೀನಿ ಅಲ್ಲಿಗೆ.’